ಗಾಳಿ ತಿರುಗಿದಾಗ ಕೊಳವೆಯೂ ತಿರುಗಬೇಕು

— ಗಾಳಿ ಬಂದಾಗ ತೂರಿಕೋ ಅಂತ ಹಿರಿಯರು ಹೇಳಿಟ್ಟಿದ್ದಾರೆ. ಈಗ ಗಾಳಿಯನ್ನೂ ಟ್ರ್ಯಾಕ್ಟರೇ ಹುಟ್ಟಿಸುತ್ತದೆ, ತೂರುವುದನ್ನೂ ಶೇಂಗಾ ಒಕ್ಕಣೆ ಮಿಷನ್ನೇ ನೋಡಿಕೊಳ್ಳುತ್ತದೆ. ಹೊಟ್ಟು ಉಗುಳುವ ಕೊಳವೆಯನ್ನು ಆ ಕಡೆ ಈ ಕಡೆ ತಿರುಗಿಸುವುದಕ್ಕೂ ಒಂದು ಮೋಟಾರು ಬೇಕೆ? ಕಣದಲ್ಲಿ ಅಷ್ಟೊಂದು ಜನ ಇರುತ್ತಾರಲ್ಲ, ಯಾರಾದರೂ ಹೋಗಿ ತಳ್ಳಿದರಾಯಿತು.

— ಯಾರಾದರೂ ಹೋಗಿ ತಳ್ಳುತ್ತಾರೆ ಎನ್ನುವುದೇ ನನ್ನ ತಕರಾರು. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಮುಂಗಾರು ಶೇಂಗಾ ಕೀಳುವುದು ಅಕ್ಟೋಬರ್, ನವೆಂಬರಿನಲ್ಲಿ. ಜೂನಿನಿಂದ ನೈರುತ್ಯದಿಂದ ಒಂದೇ ಸಮ ಬೀಸಿದ ಗಾಳಿ ಸುಸ್ತಾಗಿ ಈಶಾನ್ಯಕ್ಕೆ ಹೊರಳುವುದೂ ಅದೇ ಹೊತ್ತಿನಲ್ಲಿ. ಆ ಸಂಧಿಕಾಲದಲ್ಲಿ ಬೆಳಿಗ್ಗೆ ಒಂದು ದಿಕ್ಕು, ಮಧ್ಯಾಹ್ನ ಇನ್ನೊಂದು ದಿಕ್ಕು. ಬೋರ್‌ವೆಲ್ ಇದ್ದವರ ಬೇಸಿಗೆ ಶೇಂಗಾ ಕಣಕ್ಕೆ ಬರುವ ಏಪ್ರಿಲ್, ಮೇ ತಿಂಗಳಲ್ಲಂತೂ ಮಳೆಗೆ ಮೊದಲಿನ ಬಿರುಗಾಳಿಗೆ ಹೇಳುವವರು ಕೇಳುವವರು ಇಲ್ಲ. ಮೊರ ಹಿಡಿದು ತೂರುತ್ತಿದ್ದ ಕಾಲದಲ್ಲಿ ಗಾಳಿ ತಿರುಗಿದರೆ ತೂರುವವರು ತಾವೇ ತಿರುಗಿ ನಿಲ್ಲುತ್ತಿದ್ದರು. ಮಿಷನ್ ಹಾಗೆ ತಿರುಗಲಾರದು. ಟ್ರ್ಯಾಕ್ಟರಿನ ಬೆನ್ನಿಗೆ, ಎಂಜಿನ್ನಿನ ಬಲವನ್ನು ಮಿಷನ್ನಿಗೆ ಸಾಗಿಸುವ ಪಿಟಿಓ ದಂಡ ಸಿಕ್ಕಿಸಿ, ಚಕ್ರಕ್ಕೆ ಕಲ್ಲು ಕೊಟ್ಟು ನಿಲ್ಲಿಸಿದ ಮೇಲೆ ಇಡೀ ಯಂತ್ರದಲ್ಲಿ ದಿಕ್ಕು ಬದಲಾಯಿಸಬಹುದಾದ ಭಾಗ ಅಂತ ಉಳಿಯುವುದು ಹೊಟ್ಟಿನ ಕೊಳವೆ ಒಂದೇ. ಎಲ್ಲ ಮಿಷನ್ನುಗಳಲ್ಲಿ ಅದೂ ತಿರುಗುವುದಿಲ್ಲ, ಕೆಲವಕ್ಕೆ ಬೋಲ್ಟು ಬಿಗಿದೇ ಬಿಟ್ಟಿರುತ್ತಾರೆ; ನಾನು ಹೇಳುತ್ತಿರುವುದು ಕತ್ತಿನ ಬಳೆಯ ಮೇಲೆ ಕೊಳವೆ ತಿರುಗುವ ಮಿಷನ್ನುಗಳ ಮಾತು. ಗಾಳಿ ಎದುರಾದಾಗ ಹೊಟ್ಟೆಲ್ಲ ಪೈರು ಕೊಡುವವರ ಕಣ್ಣು ಮೂಗಿಗೆ ಬರುತ್ತದೆ, ಇಲ್ಲವೇ ರಾಶಿಯ ಮೇಲೆ ಬೀಳುತ್ತದೆ. ಆಗ ಟ್ರ್ಯಾಕ್ಟರ್ ನಿಲ್ಲಿಸಿ ಅಂತ ಯಾರೂ ಕೂಗುವುದಿಲ್ಲ. ಒಬ್ಬ ಟವಲು ಮುಖಕ್ಕೆ ಸುತ್ತಿಕೊಂಡು, ಓಡುತ್ತಿರುವ ಮಿಷನ್ನಿನ ಚೌಕಟ್ಟಿನ ಮೇಲೆ ಕಾಲಿಟ್ಟು, ಕೊಳವೆಯನ್ನು ಅಂಗೈಯಿಂದ ನೂಕುತ್ತಾನೆ.

— ಅದರಲ್ಲಿ ಅಂಥದ್ದೇನಿದೆ? ಎರಡು ನಿಮಿಷದ ಕೆಲಸ.

— ಆ ಎರಡು ನಿಮಿಷದಲ್ಲಿ ಅವನ ಕಾಲ ಬುಡದಲ್ಲೇ ಒಂದು ದಂಡ ತಿರುಗುತ್ತಿರುತ್ತದೆ. ಪಿಟಿಓ ವೇಗ ನಿಮಿಷಕ್ಕೆ 540 ಸುತ್ತು, ಅಂದರೆ ಸೆಕೆಂಡಿಗೆ ಒಂಬತ್ತು. ಅದರ ಕೀಲಿಗೆ ಪಂಚೆಯ ಅಂಚೋ ಸೆರಗೋ ಸಿಕ್ಕಿದರೆ ಕೈ ಎಳೆದುಕೊಳ್ಳಬೇಕು ಎಂದು ತಲೆಗೆ ಹೊಳೆಯುವಷ್ಟರಲ್ಲಿ ದಂಡ ನಾಲ್ಕೈದು ಸುತ್ತು ಸುತ್ತಿರುತ್ತದೆ. ಒಕ್ಕಣೆ ಯಂತ್ರದ ಅಪಾಯ ಸರ್ಕಾರಕ್ಕೆ ಗೊತ್ತಿಲ್ಲದ್ದಲ್ಲ. ದೇಶದ ತುಂಬ ಕೈ ಕಳೆದುಕೊಂಡವರು ಹೆಚ್ಚಿದ ಮೇಲೆ ಸಂಸತ್ತು 1983ರಲ್ಲಿ ಅಪಾಯಕಾರಿ ಯಂತ್ರಗಳ ನಿಯಂತ್ರಣ ಕಾಯ್ದೆಯನ್ನೇ ತಂದಿತು, ಗಾಯಾಳುಗಳಿಗೆ ಪರಿಹಾರದ ಮಾತೂ ಅದರಲ್ಲಿದೆ. ಪೈರು ಕೊಡುವ ಬಾಯಿಯ ತೊಟ್ಟಿ ಕನಿಷ್ಠ 900 ಮಿಲಿಮೀಟರ್ ಉದ್ದ ಇರಬೇಕು, ಅದರಲ್ಲಿ ಅರ್ಧದಷ್ಟಾದರೂ ಮೇಲಿನಿಂದ ಮುಚ್ಚಿರಬೇಕು ಎಂದು ಭಾರತೀಯ ಮಾನಕ ಹೇಳುತ್ತದೆ. ಲೆಕ್ಕ ಸರಳ: ಕೈ ಎಷ್ಟೇ ಚಾಚಿದರೂ ಒಳಗಿನ ಹಲ್ಲು ಮುಟ್ಟಬಾರದು. ಹಲ್ಲಿಗೂ ಕೈಗೂ ನಡುವೆ ದೂರ ಇಡುವ ಈ ನ್ಯಾಯವನ್ನು ಒಳಗೆ ಹೋಗುವ ಬಾಯಿಗೆ ಹಚ್ಚಿದ್ದೇವೆ, ಹೊರಗೆ ಉಗುಳುವ ಬಾಯಿಗೆ ಹಚ್ಚಿಲ್ಲ. ನಾನು ಮೋಟಾರು ಕೇಳುತ್ತಿರುವುದು ತೋಳಿನ ಬಲ ಉಳಿಸಲಿಕ್ಕಲ್ಲ, ಆ ದೂರಕ್ಕಾಗಿ. ಇದನ್ನು ಒಪ್ಪಿದರೆ ಮೋಟಾರು ಯಾವುದು, ಎಷ್ಟು ಬಲದ್ದು, ಸ್ವಿಚ್ ಎಲ್ಲಿರಬೇಕು ಎನ್ನುವ ಉಳಿದ ಪ್ರಶ್ನೆಗಳಿಗೆ ಉತ್ತರ ತಾನಾಗಿ ಸಿಗುತ್ತದೆ.

— ದೂರವೇ ಬೇಕಾದರೆ ಹಗ್ಗ ಕಟ್ಟಿ. ಎಡಕ್ಕೊಂದು, ಬಲಕ್ಕೊಂದು. ಕಾಸಿನ ಖರ್ಚಿಲ್ಲ.

— ತಿರುಗುವ ದಂಡದ ಹತ್ತಿರ ತರಬಾರದ ವಸ್ತು ಯಾವುದಾದರೂ ಇದ್ದರೆ ಅದು ಸಡಿಲ ಹಗ್ಗ. ಎಳೆಯುವವನು ಒಂದು ತುದಿ ಬಿಟ್ಟ ಗಳಿಗೆಗೆ ಅದು ನೆಲದ ಮೇಲೆ ಹರಿದಾಡುತ್ತದೆ; ದಂಡಕ್ಕೆ ಸುತ್ತಿಕೊಂಡರೆ ಇನ್ನೊಂದು ತುದಿಯನ್ನು ಮುಂಗೈಗೆ ಸುತ್ತಿಕೊಂಡವನ ಗತಿ ಏನು? ಉದ್ದನೆಯ ಹಿಡಿಕೆ ಅಥವಾ ಕೈಯಿಂದ ತಿರುವುವ ದಂಡವಾದರೆ ನನ್ನ ಆಕ್ಷೇಪ ಕಡಿಮೆ. ಟ್ರ್ಯಾಕ್ಟರಿನ ಸೀಟಿನಿಂದ ಕೊಳವೆಯ ಕತ್ತಿನವರೆಗೆ ದಂಡ ನೆಟ್ಟಗೆ, ಯಾವುದಕ್ಕೂ ತಾಗದೆ ಹಾಯುವ ಹಾಗಿದ್ದರೆ ಅದನ್ನೇ ಹಾಕಿಕೊಳ್ಳಿ, ಮೋಟಾರಿನ ಉಸಾಬರಿಯೇ ಬೇಡ. ಆದರೆ ನಮ್ಮ ಮಿಷನ್ನುಗಳಲ್ಲಿ ಬೆಲ್ಟು, ಜರಡಿಯ ತೋಳು, ಚಕ್ರ ಎಲ್ಲ ಅದೇ ಬದಿಯಲ್ಲಿ ಒತ್ತೊತ್ತಾಗಿರುತ್ತವೆ. ದಂಡಕ್ಕೆ ನೇರ ದಾರಿ ಬೇಕು, ವೈರು ಹೇಗೆ ಬೇಕಾದರೂ ಬಳಸಿಕೊಂಡು ಹೋಗುತ್ತದೆ. ಕೈದಂಡಕ್ಕಿಂತ ವಿದ್ಯುತ್ ಮೇಲು ಅನ್ನುವುದಕ್ಕೆ ನನಗೆ ಕಾಣುವ ನಿಜವಾದ ಕಾರಣ ಇದೊಂದೇ.

ಹಿಮ ಬೀಳುವ ದೇಶಗಳಲ್ಲೂ ನಡೆದದ್ದು ಇದೇ. ಅಲ್ಲಿ ಟ್ರ್ಯಾಕ್ಟರಿಗೆ ಹಿಮ ಎರಚುವ ಯಂತ್ರ ಕಟ್ಟಿ ಮನೆ ಮುಂದಿನ ದಾರಿ ಬಿಡಿಸಿಕೊಳ್ಳುತ್ತಾರೆ. ಎರಚುವ ಕೊಳವೆಯನ್ನು ಬಹುಕಾಲ ಕೈಯಲ್ಲೇ ತಿರುವುತ್ತಿದ್ದರು, ಗಾಳಿ ಎದುರಾದರೆ ಹಿಮವೆಲ್ಲ ಮುಖಕ್ಕೇ. ಈಗ ಮನೆಯ ಹಿಂದಿನ ಶೆಡ್ಡಿನಲ್ಲಿ ಹಳೆ ಕಾರಿನ ವೈಪರ್ ಮೋಟಾರು ಕಟ್ಟಿ ತಾವೇ ತಿರುಗಿಸುವ ಸಾಧನ ಮಾಡಿಕೊಳ್ಳುವವರು ಬೇಕಾದಷ್ಟು. ಅದು ಅವರ ಕಥೆ, ನಮಗೇಕೆ ಎನ್ನುವಂತೆಯೂ ಇಲ್ಲ. ಕೆನಡಾದ ಕ್ವಿಬೆಕ್‌ನಲ್ಲಿ ಆರ್ಥರ್ ಸಿಕಾರ್ ಎಂಬಾತ 1925ರಲ್ಲಿ ಮೊದಲ ಬಳಕೆಯೋಗ್ಯ ಹಿಮ ಎರಚುವ ಲಾರಿಯನ್ನು ತಯಾರಿಸಿದ. ಚಿಕ್ಕಂದಿನಲ್ಲಿ ಗೋಧಿ ಒಕ್ಕುವ ಯಂತ್ರ ನೋಡಿ ಅವನಿಗೆ ಆ ಯೋಚನೆ ಬಂತು ಎನ್ನುತ್ತಾರೆ. ಅವನ ಯಂತ್ರಕ್ಕೂ ದಿಕ್ಕು ಹೊಂದಿಸಬಹುದಾದ ಕೊಳವೆಗಳಿದ್ದವು, ಹಿಮವನ್ನು 90 ಅಡಿ ದೂರಕ್ಕೆ ಎಸೆಯಬಹುದಿತ್ತು, ಇಲ್ಲವೇ ಲಾರಿಗೇ ತುಂಬಬಹುದಿತ್ತು. ನಮ್ಮ ಕಣದಿಂದ ಹೋದ ವಿದ್ಯೆ ನಮ್ಮ ಕಣಕ್ಕೆ ವಾಪಸು ಬಂದರೆ ಬೇಡ ಅನ್ನುವುದು ಯಾಕೆ?

— ಹಿಮ ಬೇರೆ, ಹೊಟ್ಟು ಬೇರೆ. ಹಿಮ ಬಿಸಾಡುವ ಸರಕು. ಎಲ್ಲಿ ಬಿದ್ದರೂ ನಡೆಯುತ್ತದೆ.

— ನಿಮ್ಮ ಮಾತು ನನ್ನ ವಾದಕ್ಕೇ ಬಲ ಕೊಡುತ್ತದೆ. ಶೇಂಗಾ ಹೊಟ್ಟು ಬಿಸಾಡುವ ಸರಕಲ್ಲವಾದ್ದರಿಂದ ಅದು ಬೀಳುವ ಜಾಗ ಹಿಮಕ್ಕಿಂತ ಹೆಚ್ಚು ಮುಖ್ಯ. ಚಳ್ಳಕೆರೆ ಅಂದ ಕೂಡಲೇ ಹೊರಗಿನವರಿಗೆ ಎಣ್ಣೆ ಗಿರಣಿ ನೆನಪಾಗುತ್ತದೆ, ಒಳಗಿನವರಿಗೆ ಕುರಿ ಹಟ್ಟಿಯೂ ನೆನಪಾಗುತ್ತದೆ. ಕಾಯಿ ಮಾರುಕಟ್ಟೆಗೆ, ಹೊಟ್ಟು ದನ ಕುರಿಗೆ. ಮಳೆ ಕೈಕೊಟ್ಟು ಕಾಯಿ ಕಟ್ಟದ ವರ್ಷ ಬಳ್ಳಿಯ ಹೊಟ್ಟೇ ಬೆಳೆ. ಗೋಶಾಲೆ ತೆರೆಯಬೇಕಾದ ವರ್ಷಗಳನ್ನು ಕಂಡ ತಾಲ್ಲೂಕುಗಳಲ್ಲಿ ಮೇವು ಗಾಳಿಗೆ ಹೋಗುವುದನ್ನು ಸಣ್ಣ ನಷ್ಟ ಅನ್ನಲಾಗದು. ಕೊಳವೆ ಒಂದೇ ಕಡೆ ಮುಖ ಮಾಡಿಕೊಂಡಿದ್ದರೆ ಹೊಟ್ಟು ತುಂಬುವ ಟ್ರಾಲಿಯ ಒಂದು ಮೂಲೆಯಲ್ಲಿ ಗುಡ್ಡೆ ಎದ್ದು ಹೊರಗೆ ಚೆಲ್ಲುತ್ತದೆ, ಇನ್ನೊಂದು ಮೂಲೆ ಖಾಲಿ. ಅದನ್ನು ಸಮ ಮಾಡಲು ಒಬ್ಬ ಟ್ರಾಲಿಯ ಒಳಗೆ ನಿಂತು ಧೂಳು ಕುಡಿಯುತ್ತಾನೆ. ಸೀಟಿನಲ್ಲಿ ಕೂತು ಕೊಳವೆಯನ್ನು ಅಷ್ಟಷ್ಟೇ ಸರಿಸುವಂತಿದ್ದರೆ ಅವನೂ ಕೆಳಗಿಳಿಯಬಹುದು.

— ಸರಿ, ಮಾಡೋಣ ಅನ್ನಿ. ಹೈಡ್ರಾಲಿಕ್ ಹಾಕಿಸಿದರೆ ಗಟ್ಟಿಯಲ್ಲವೆ? ವೈಪರ್ ಮೋಟಾರು ಅಂದರೆ ಮಕ್ಕಳಾಟ ಅನಿಸುತ್ತದೆ.

— ಬಲ ಹೆಚ್ಚಿದ್ದಷ್ಟೂ ಒಳ್ಳೆಯದು ಅನ್ನುವುದು ಉಳುವ ಕೆಲಸಕ್ಕೆ ಸರಿ, ಈ ಕೆಲಸಕ್ಕೆ ಅಲ್ಲ. ಕೊಳವೆಯ ಕತ್ತಿಗೂ ಬಳೆಗೂ ನಡುವೆ ಯಾರದಾದರೂ ಬೆರಳಿದ್ದರೆ ಹೈಡ್ರಾಲಿಕ್ಕಿಗೆ ಅದು ಗೊತ್ತಾಗುವುದೇ ಇಲ್ಲ. ನಮಗೆ ಬೇಕಾದದ್ದು ಸೋಲಬಲ್ಲ ಮೋಟಾರು. ಲೆಕ್ಕ ಹಾಕಿ ನೋಡಿ. ಕೊಳವೆಯ ಕತ್ತು 300 ಮಿಲಿಮೀಟರ್ ವ್ಯಾಸದ್ದು, ಅದರ ಅಂಚಿನಲ್ಲಿ ಹತ್ತು ಕಿಲೋ ಭಾರದಷ್ಟು ಎಳೆತಕ್ಕೆ ತಿರುಗುತ್ತದೆ ಅಂತ ಇಟ್ಟುಕೊಳ್ಳೋಣ. ತಿರುಚುಬಲ ಸುಮಾರು 15 ನ್ಯೂಟನ್-ಮೀಟರ್ ಆಯಿತು. ಮೋಟಾರ್ ಸೈಕಲ್ಲಿನ ಸವೆದ 428 ಚೈನನ್ನು ಆ ಕತ್ತಿನ ಸುತ್ತ ಬಿಗಿದು ಅಲ್ಲಲ್ಲಿ ವೆಲ್ಡಿಂಗ್ ಚುಕ್ಕಿ ಇಟ್ಟರೆ ಅದೇ ಒಂದು ದೊಡ್ಡ ಹಲ್ಲಿನ ಚಕ್ರ. ಕೊಂಡಿಗೆ 12.7 ಮಿಲಿಮೀಟರಿನಂತೆ, ಚೈನಿನ ಸ್ವಂತ ದಪ್ಪವೂ ಸೇರಿ, ಪೂರ್ತಿ ಸುತ್ತಿಗೆ 77 ಕೊಂಡಿ ಹಿಡಿಯುತ್ತವೆ. ಕೊಳವೆ ಅರ್ಧ ಸುತ್ತು ತಿರುಗಿದರೆ ಸಾಕಾದ್ದರಿಂದ ಅರ್ಧಕ್ಕಿಂತ ತುಸು ಹೆಚ್ಚು ಚೈನು ಇದ್ದರೂ ನಡೆಯುತ್ತದೆ. ಮೋಟಾರಿಗೆ ಅದೇ ಗಾಡಿಯ 14 ಹಲ್ಲಿನ ಮುಂದಿನ ಸ್ಪ್ರಾಕೆಟ್ ಕೂರಿಸಿದರೆ ಐದೂವರೆಗೆ ಒಂದು ಅನುಪಾತ. ನಿಮಿಷಕ್ಕೆ ನಲವತ್ತು ಸುತ್ತು ತಿರುಗುವ ವೈಪರ್ ಮೋಟಾರು ಕೊಳವೆಯನ್ನು ಅರ್ಧ ಸುತ್ತು ಹೊರಳಿಸಲು ನಾಲ್ಕು ಸೆಕೆಂಡು ತೆಗೆದುಕೊಳ್ಳುತ್ತದೆ. ಮೋಟಾರಿನ ಮೇಲೆ ಬೀಳುವ ಹೊರೆ ಮೂರು ನ್ಯೂಟನ್-ಮೀಟರಿನ ಆಸುಪಾಸು, ಅದು ಆ ಮೋಟಾರಿಗೆ ಭಾರವೇ ಅಲ್ಲ. ಇಷ್ಟೆಲ್ಲ ಸಾಮಾನು ಯಾವುದೇ ತಾಲ್ಲೂಕು ಊರಿನ ಗುಜರಿಯಲ್ಲೂ ಸೈಕಲ್ ಶಾಪಿನಲ್ಲೂ ಸಿಗುತ್ತದೆ. ನವೆಂಬರಿನ ಸುಗ್ಗಿಯ ನಡುವೆ ಕೆಟ್ಟರೆ ಸಂಜೆಯೊಳಗೆ ರಿಪೇರಿ ಆಗುವುದು ಇಂಥದ್ದೇ. ಪೇಟೆಯಿಂದ ತರಿಸಿದ ಮುಚ್ಚಿದ ಪೆಟ್ಟಿಗೆ ಕೆಟ್ಟರೆ ಸುಗ್ಗಿ ಮುಗಿದ ಮೇಲೆ ಬರುತ್ತದೆ.

ಆ ವೈಪರ್ ಮೋಟಾರಿಗೆ ಇನ್ನೊಂದು ಗುಣವಿದೆ. ಒಳಗಿರುವುದು ವರ್ಮ್ ಗೇರು. ಮೋಟಾರು ಗೇರನ್ನು ತಿರುಗಿಸೀತು, ಗೇರು ಮೋಟಾರನ್ನು ತಿರುಗಿಸಲಾರದು. ಹಾಗಾಗಿ ಹೊಟ್ಟಿನ ರಭಸಕ್ಕೋ ಹೊರಗಿನ ಗಾಳಿಗೋ ಕೊಳವೆ ತಾನೇ ಹೊರಳುವುದಿಲ್ಲ, ಬೇರೆ ಬ್ರೇಕು ಬೇಕಿಲ್ಲ. ಇದಕ್ಕೊಂದು ಕೊರೆಯೂ ಇದೆ, ಬಹಳ ಜನ ಎಡವುವುದು ಅಲ್ಲೇ. ಬಹಳಷ್ಟು ವೈಪರ್ ಮೋಟಾರುಗಳ ಮೈಯೇ ಅರ್ಥ್. ಗಾಡಿಯಲ್ಲಿ ಅದು ಒಂದೇ ದಿಕ್ಕಿಗೆ ತಿರುಗುವುದರಿಂದ ಅಲ್ಲಿ ಅಡ್ಡಿಯಿಲ್ಲ. ನಮಗೆ ಎರಡೂ ದಿಕ್ಕು ಬೇಕು, ಅಂದರೆ ವೈರು ಅದಲು ಬದಲಾಗಬೇಕು. ಮೈಗೆ ಪಾಸಿಟಿವ್ ಬಂದ ಕೂಡಲೇ ಟ್ರ್ಯಾಕ್ಟರಿನ ಕಬ್ಬಿಣಕ್ಕೆ ತಾಗಿ ಶಾರ್ಟ್ ಆಗುತ್ತದೆ. ಒಣ ಹೊಟ್ಟಿನ ಪಕ್ಕದಲ್ಲಿ ಕಿಡಿ ಹಾರಿದರೆ ಕಣವೇ ಹೋಯಿತು. ಒಂದೋ ಮೋಟಾರನ್ನು ರಬ್ಬರು ಬುಷ್ ಹಾಗೂ ಬೇಕಲೈಟ್ ತುಂಡಿನ ಮೇಲೆ ಕೂರಿಸಿ, ಶಾಫ್ಟಿಗೂ ಸ್ಪ್ರಾಕೆಟಿಗೂ ನಡುವೆ ನೈಲಾನ್ ಬುಷ್ ಕೊಟ್ಟು ಮೈಯನ್ನು ಪೂರಾ ಬೇರ್ಪಡಿಸಬೇಕು. ಇಲ್ಲವೇ ಕಾರಿನ ಕಿಟಕಿ ಗಾಜು ಏರಿಸುವ ಮೋಟಾರು ಹಾಕಬೇಕು. ಅದು ಹುಟ್ಟಾ ಎರಡೂ ದಿಕ್ಕಿನದು, ಎರಡೂ ವೈರು ಮೈಯಿಂದ ಬೇರೆ. ಬಲ ಕಡಿಮೆ, ಬಿಸಿಯೂ ಬೇಗ ಆಗುತ್ತದೆ. ಕೊಳವೆ ಹಗುರವಿದ್ದರೆ ನಾನು ಎರಡನೆಯದನ್ನೇ ಆರಿಸುವವನು.

— ಬ್ಯಾಟರಿ? ಬೆಳಿಗ್ಗೆ ಟ್ರ್ಯಾಕ್ಟರ್ ಸ್ಟಾರ್ಟೇ ಆಗದಿದ್ದರೆ ನಿಮ್ಮ ವಾದ ತಳ್ಳಿ ಸ್ಟಾರ್ಟ್ ಮಾಡುತ್ತದೆಯೆ?

— ಐದು ಆಂಪಿಯರ್ ಎಳೆಯುವ ಮೋಟಾರು ನಾಲ್ಕು ಸೆಕೆಂಡಿನಂತೆ ದಿನಕ್ಕೆ ಇಪ್ಪತ್ತು ಬಾರಿ ತಿರುಗಿದರೂ ಖರ್ಚು 0.11 ಆಂಪಿಯರ್-ಗಂಟೆ. ಟ್ರ್ಯಾಕ್ಟರಿನ ಬ್ಯಾಟರಿ 75 ರಿಂದ 88 ಆಂಪಿಯರ್-ಗಂಟೆಯದು, ಅದೂ ಎಂಜಿನ್ ಓಡುತ್ತಿರುವಾಗ ತುಂಬುತ್ತಲೇ ಇರುತ್ತದೆ. ಚಿಂತೆ ಮಾಡಬೇಕಾದದ್ದು ವೈರಿನ ಬಗ್ಗೆ. ಮನೆಯ ಬಲ್ಬಿಗೆ ಹಾಕುವ ಸಣ್ಣ ವೈರು ಎಳೆದರೆ ಹೊರೆ ಏರಿದಾಗ ದಾರಿಯಲ್ಲೇ ಎರಡು ವೋಲ್ಟ್ ಸೋರಿಹೋಗುತ್ತದೆ, ಮೋಟಾರು ನರಳುತ್ತದೆ, ವೈರು ಕಾಯುತ್ತದೆ. 2.5 ಚದರ ಮಿಲಿಮೀಟರಿನ ತಾಮ್ರ, ಬ್ಯಾಟರಿಯ ಪಕ್ಕದಲ್ಲೇ 15 ಆಂಪಿಯರ್ ಫ್ಯೂಸು. ಫ್ಯೂಸನ್ನು ಮೋಟಾರಿನ ಬಳಿ ಹಾಕುವವರಿದ್ದಾರೆ. ನಡುದಾರಿಯಲ್ಲಿ ವೈರು ಉಜ್ಜಿ ಬೆತ್ತಲಾದರೆ ಆ ಫ್ಯೂಸು ಇದ್ದೂ ಇಲ್ಲದಂತೆ. ದಿಕ್ಕು ಬದಲಿಸಲು ಹಾರ್ನಿಗೆ ಹಾಕುವಂಥ ಐದು ಪಿನ್ನಿನ ರಿಲೇ ಎರಡು ಸಾಕು, ಎಡಕ್ಕೊಂದು ಬಲಕ್ಕೊಂದು. ಗುಂಡಿ ಒತ್ತದಿರುವಾಗ ಮೋಟಾರಿನ ಎರಡೂ ತುದಿ ಅರ್ಥಿಗೆ ಕೂತಿರುವಂತೆ ಜೋಡಿಸಿದರೆ ಬೆರಳು ತೆಗೆದ ಕೂಡಲೇ ಮೋಟಾರು ಬ್ರೇಕು ಹಾಕಿದಂತೆ ನಿಲ್ಲುತ್ತದೆ. ಕೊಳವೆಯ ಎರಡು ಕೊನೆಗಳಲ್ಲಿ ಒಂದೊಂದು ಲಿಮಿಟ್ ಸ್ವಿಚ್ ಇಟ್ಟು ಆಯಾ ದಿಕ್ಕಿನ ರಿಲೇಯ ಕಾಯಿಲಿಗೆ ಮಾತ್ರ ಹೊಂದಿಸಬೇಕು: ಕೊನೆ ಮುಟ್ಟಿದಾಗ ಮುಂದಕ್ಕೆ ಹೋಗುವುದು ನಿಲ್ಲುತ್ತದೆ, ಹಿಂದಕ್ಕೆ ಬರುವ ದಾರಿ ತೆರೆದಿರುತ್ತದೆ. ರಿಲೇ ಧೂಳು ಹೋಗದಂತೆ ಮುಚ್ಚಿದ ಜಾತಿಯದಾಗಿರಲಿ. ಇನ್ನು ಚೈನಿಗೆ ಎಣ್ಣೆ ಹಚ್ಚಲೇಬೇಡಿ. ಎಲ್ಲ ಚೈನಿಗೂ ಎಣ್ಣೆ ಬೇಕು ಅಂತ ಕೈ ತಾನೇ ಹೋಗುತ್ತದೆ. ಶೇಂಗಾ ಬಳ್ಳಿಯ ಜೊತೆ ಬರುವ ಕೆಂಪು ಮಣ್ಣು ಎಣ್ಣೆಗೆ ಅಂಟಿದರೆ ಸಾಣೆಯ ಪುಡಿಯ ಹಾಗೆ ಹಲ್ಲನ್ನು ತಿನ್ನುತ್ತದೆ. ನಿಧಾನವಾಗಿ ತಿರುಗುವ ಚೈನು ಒಣಗಿದ್ದರೂ ಬಾಳುತ್ತದೆ.

— ಗುಂಡಿ ಒತ್ತಿಕೊಂಡೇ ಇರಬೇಕೆ? ಒಮ್ಮೆ ಒತ್ತಿ ಬಿಟ್ಟರೆ ತಾನೇ ಹೋಗಿ ನಿಲ್ಲುವ ಹಾಗೆ ಮಾಡಬಹುದಲ್ಲ.

— ಮಾಡಬಹುದು, ಮಾಡಬಾರದು. ಗುಂಡಿ ಒತ್ತಿದವನ ಕಣ್ಣು ಕೊಳವೆಯ ಮೇಲೆ ಇರುವಷ್ಟು ಹೊತ್ತು ಮಾತ್ರ ಅದು ಅಲುಗಾಡಬೇಕು. ಸ್ವಿಚ್ ಇರಬೇಕಾದದ್ದು ಕೊಳವೆ ಕಾಣುವ, ಪಿಟಿಓದಿಂದ ದೂರವಿರುವ ಜಾಗದಲ್ಲಿ. ಪೈರು ಕೊಡುವವನ ಕೈಗೆ ಎಟುಕುವಂತೆ ಇಡೋಣ ಎನ್ನುವವರು ಬರುತ್ತಾರೆ, ಒಪ್ಪಬೇಡಿ: ಅವನ ಎರಡು ಕೈಗೂ ಗಮನಕ್ಕೂ ಆಗಲೇ ಕೆಲಸವಿದೆ.

— ಇಷ್ಟೆಲ್ಲ ಕೇಳಿದ ಮೇಲೆ ನನ್ನ ದೊಡ್ಡ ಅನುಮಾನ. ಇದು ಬಂದರೆ ಜನ ಇನ್ನೂ ಧೈರ್ಯ ಮಾಡುತ್ತಾರೆ. ಕೊಳವೆ ಕಟ್ಟಿಕೊಂಡಾಗ ಮೋಟಾರನ್ನು ಆಚೆ ಈಚೆ ಆಡಿಸಿ ಬಿಡಿಸಲು ನೋಡುತ್ತಾರೆ, ಆಗದಿದ್ದರೆ ಕೈ ಹಾಕುತ್ತಾರೆ. ನಿಮ್ಮ ಸುರಕ್ಷತೆ ತಿರುಗುಬಾಣ ಆಗುವುದಿಲ್ಲವೆ?

— ಈ ಮಾತನ್ನು ತಳ್ಳಿಹಾಕಲಾರೆ. ಹಸಿ ಬಳ್ಳಿ ಬಂದ ದಿನ ಕೊಳವೆ ಕಟ್ಟುವುದು ಖಂಡಿತ, ಆಗ ಪಿಟಿಓ ನಿಲ್ಲಿಸುವುದನ್ನು ಬಿಟ್ಟು ಬೇರೆ ಉಪಾಯವಿಲ್ಲ. ಮೋಟಾರು ಅಲ್ಲಿ ಕೈಚೆಲ್ಲಲಿ ಎಂದೇ ಸ್ಪ್ರಾಕೆಟ್ಟನ್ನು ಶಾಫ್ಟಿಗೆ ಹಿಡಿಸುವುದು ಅಲ್ಯೂಮಿನಿಯಂ ಮೊಳೆಯಿಂದ; ಮೈ ಬೇರ್ಪಡಿಸಿದ ವೈಪರ್ ಮೋಟಾರಾದರೆ ಮೊಳೆ ನೈಲಾನ್ ಬುಷ್ ದಾಟಿ ಶಾಫ್ಟಿಗೆ ತಾಗಬಾರದು. ಬಲವಂತ ಮಾಡಿದರೆ ಮೊಳೆ ತುಂಡಾಗುತ್ತದೆ. ಮೊಳೆ ಬದಲಿಸಲು ಮಿಷನ್ ನಿಲ್ಲಿಸಲೇಬೇಕಾಗುವ ಜಾಗದಲ್ಲಿ, ಕಾವಲು ತಗಡಿನ ಒಳಗೆ, ಅದು ಕೂತಿರಲಿ. ಇದರಿಂದ ಎಲ್ಲರ ಕೈಯೂ ಉಳಿಯುತ್ತದೆ ಎಂದು ನಾನು ಹೇಳಲಾರೆ. ಆದರೆ ಎರಡು ಬಗೆಯ ಅಪಾಯವನ್ನು ಒಂದೇ ಮೂಟೆ ಕಟ್ಟಬಾರದು. ಕೊಳವೆ ಕಟ್ಟಿದಾಗ ಒಕ್ಕಣೆಯೇ ನಿಂತಿರುತ್ತದೆ, ನಿಲ್ಲಿಸಿ ಎಂದರೆ ಮಾತು ನಡೆಯುತ್ತದೆ. ಗಾಳಿ ತಿರುಗಿದಾಗ ಒಕ್ಕಣೆ ಚೆನ್ನಾಗಿಯೇ ನಡೆಯುತ್ತಿರುತ್ತದೆ, ಅದನ್ನು ನಿಲ್ಲಿಸಲು ಯಾರಿಗೂ ಮನಸ್ಸಿರುವುದಿಲ್ಲ. ಬುದ್ಧಿಮಾತು ಸೋಲುವುದು ಈ ಎರಡನೆಯ ಸಂದರ್ಭದಲ್ಲಿ, ಮೋಟಾರು ಬೇಕಾಗಿರುವುದೂ ಅದಕ್ಕೇ.

— ಕೂಲಿಯವರ ಕೆಲಸ ಕಿತ್ತುಕೊಂಡಂತೆ ಅಂತಲೂ ಅನ್ನುತ್ತಾರೆ.

— ಮೊಳಕಾಲ್ಮೂರಿನ ರೇಷ್ಮೆ ಸೀರೆಯ ಮಗ್ಗಕ್ಕೆ ಮೋಟಾರು ಕಟ್ಟಿದರೆ ಆ ಮಾತನ್ನು ನಾನೂ ಆಡಿಯೇನು. ಅಲ್ಲಿ ಕೈಯಲ್ಲಿ ನೇಯ್ದದ್ದಕ್ಕೇ ಬೆಲೆ, ಹೆಸರು, ಭೌಗೋಳಿಕ ಸೂಚಿಕೆಯ ಮಾನ್ಯತೆ. ಕೊಳವೆ ನೂಕುವವನಿಗೆ ಅದಕ್ಕಾಗಿ ಬೇರೆ ಕೂಲಿ ಯಾರೂ ಕೊಡುವುದಿಲ್ಲ. ಮೂಟೆ ಹೊರುವವನೋ ಬಳ್ಳಿ ಎತ್ತಿ ಕೊಡುವವನೋ ನಡುವೆ ಬಂದು ನೂಕಿ ಹೋಗುತ್ತಾನೆ. ಕೇಳಬೇಕಾದ ಪ್ರಶ್ನೆ ಬೇರೆ: ಇದಕ್ಕೆ ದುಡ್ಡು ಹಾಕುವವರು ಯಾರು? ಮಿಷನ್ ಬಾಡಿಗೆಯವರದು, ಹೊಟ್ಟು ರೈತನದು, ಮೈ ಕೂಲಿಯವನದು. ಚೀಲಕ್ಕೆ ಇಷ್ಟು ಎಂದು ಬಾಡಿಗೆ ಮಾತಾಡಿದ್ದರೆ ಮಿಷನ್ ನಿಂತ ಹೊತ್ತು ಮಾಲೀಕನ ನಷ್ಟ, ಹಾಗಾಗಿ ಅವನು ನಿಲ್ಲಿಸುವುದಿಲ್ಲ. ಗಂಟೆಗೆ ಇಷ್ಟು ಅಂದರೆ ನಿಂತ ಹೊತ್ತು ರೈತನ ನಷ್ಟ, ಹಾಗಾಗಿ ರೈತನೇ ನಿಲ್ಲಿಸಲು ಬಿಡುವುದಿಲ್ಲ. ಬಾಡಿಗೆ ಹೇಗೇ ಇರಲಿ, ಓಡುವ ಮಿಷನ್ನಿನ ಮೇಲೆ ಕಾಲಿಡುವವನು ಮಾತ್ರ ಬಾಡಿಗೆ ಮಾತಾಡಿದವನಲ್ಲ. ಚೀಲದ ಲೆಕ್ಕದಲ್ಲಿ ಓಡಿಸುವ ಮಾಲೀಕನಿಗೆ ಈ ಮೋಟಾರಿನಿಂದ ಸ್ವಂತ ಲಾಭವೂ ಇದೆ: ಟ್ರಾಲಿ ಸಮವಾಗಿ ತುಂಬಿದರೆ ನಡುನಡುವೆ ನಿಲ್ಲುವುದು ಕಡಿಮೆಯಾಗುತ್ತದೆ. ಮೊದಲು ಕೇಳಬೇಕಾದದ್ದು ಅವನನ್ನು.

— ಹಾಗಾದರೆ ನಾಳೆ ಗುಜರಿಗೆ ಹೋಗಿ ಮೋಟಾರು ಹುಡುಕಲೆ?

— ಮೋಟಾರು ಆಮೇಲೆ. ಮೊದಲು ಟ್ರ್ಯಾಕ್ಟರ್ ಆಫ್ ಮಾಡಿ, ಕೀಲಿ ಜೇಬಿಗೆ ಹಾಕಿಕೊಂಡು, ಮೂಟೆ ತೂಗುವ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಯನ್ನು ಕೊಳವೆಯ ಕತ್ತಿನ ಅಂಚಿಗೆ ಸಿಕ್ಕಿಸಿ ಅಡ್ಡಕ್ಕೆ ಎಳೆಯಿರಿ. ಹತ್ತು ಕಿಲೋ ಒಳಗೆ ತಿರುಗಿದರೆ ನನ್ನ ಲೆಕ್ಕ ನಿಮಗೂ ಹೊಂದುತ್ತದೆ. ಇಪ್ಪತ್ತೈದು ಮೂವತ್ತು ಕೇಳಿದರೆ ಬಳೆ ಸೊಟ್ಟಗಾಗಿದೆ ಅಥವಾ ತುಕ್ಕು ಹಿಡಿದಿದೆ. ಅದಕ್ಕೆ ದೊಡ್ಡ ಮೋಟಾರು ಹುಡುಕಿಕೊಂಡು ಹೋಗಬೇಡಿ. ಬಳೆ ಬಿಚ್ಚಿ ಉಜ್ಜಿಸಿ, ನಡುವೆ ದಪ್ಪ ನೈಲಾನ್ ಪಟ್ಟಿ ಕೊಡಿಸಿ, ಮತ್ತೆ ಎಳೆದು ನೋಡಿ. ಕೈಯಲ್ಲಿ ಹಗುರಾಗಿ ತಿರುಗದ ಕೊಳವೆಗೆ ಮೋಟಾರು ಕಟ್ಟಿಸಿದರೆ ಮೊದಲ ವಾರದಲ್ಲೇ ಅಲ್ಯೂಮಿನಿಯಂ ಮೊಳೆ ಮುರಿಯುತ್ತದೆ, ಎರಡನೆಯ ವಾರ ಯಾರೋ ಅಲ್ಲಿಗೆ ಉಕ್ಕಿನ ಬೋಲ್ಟು ಹಾಕಿರುತ್ತಾರೆ.